ಆಷಾಢದಲ್ಲಿ ಕಲಿತ ಹಾರಾಟ

ಅಪ್ಪ ಗದ್ವಾಲದಲ್ಲಿ ಸೀರೆ ನೇಯುವವನು. ನಾನು ವಿಮಾನ ಹಾರಿಸುವ ಲೈಸೆನ್ಸ್ ಪಡೆದವಳು. ಹಾರಿಸುವವಳು ಎಂದು ಹೇಳಿಕೊಳ್ಳುವ ಹಾಗಿಲ್ಲ.

ವಿಮಾನಗಳೆಲ್ಲ ನೆಲ ಹಿಡಿದಿದ್ದ ಕಾಲದಲ್ಲಿ, ಕಂಪನಿಗಳು ಇದ್ದ ಪೈಲಟ್‌ಗಳನ್ನೇ ಮನೆಗೆ ಕಳಿಸುತ್ತಿದ್ದಾಗ, ನಾನು ತರಬೇತಿಗೆ ಸೇರಿದೆ. ತಲೆ ಕೆಟ್ಟಿದೆಯೇ ಎಂದರು ನೆಂಟರು. ಕಲಿತು ಮುಗಿಸುವಷ್ಟರಲ್ಲಿ ಮಾರುಕಟ್ಟೆ ಏಳುತ್ತದೆ, ಇದೇ ಸರಿಯಾದ ಹೊತ್ತು ಎಂದರು ತರಬೇತಿ ಶಾಲೆಯವರು. ಅಪ್ಪನಿಗೆ ಅದು ತಕ್ಷಣ ಅರ್ಥವಾಯಿತು.

“ಆಷಾಢದಾಗ ಯಾರ್ ಸೀರಿ ತಗೋತಾರವ್ವಾ? ಹಂಗಂತ ನೇಯಾದು ಬಿಡ್ತೀವೇನು? ಶ್ರಾವಣಕ್ಕ ಗಿರಾಕಿ ಬಂದಾಗ ಮಾಲು ಕೈಯಾಗ ಇರ್ಬೇಕು. ನೀನೂ ಹಂಗ ತಯಾರಿರು.”

ಎಂಥ ಬುದ್ಧಿವಂತರು ನಾವು ಎಂದುಕೊಂಡೆ. ರಜೆಗೆ ಬಂದಾಗ ಗೋಡೆಗೆ ಕಾಕ್‌ಪಿಟ್‌ನ ಚಿತ್ರ ಅಂಟಿಸಿ, ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು, ತುಳಿಯುವ ಹಲಗೆಗಳನ್ನೇ ವಿಮಾನದ ಪೆಡಲ್ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಅಪ್ಪ ಊಟಕ್ಕೆ ಎದ್ದಾಗಷ್ಟೇ ನನಗೆ ಸೀಟು.

“ಐಜದಾಗ ನಿಲ್ಲಸ್ತೀರೇನ್ರೀ ವಿಮಾನ?” ಎಂದು, ಪಕ್ಕದೂರಿಗೆ ಬಸ್ಸು ಹತ್ತಿದವನ ಹಾಗೆ, ಅನ್ನ ಕಲಸುತ್ತಲೇ ಕಾಡಿಸುತ್ತಿದ್ದ.

ಲೈಸೆನ್ಸ್ ಬಂದಾಗ ನನಗೆಂದೇ ಒಂದು ಸೀರೆ ನೇಯ್ದ. ಹತ್ತಿಯ ಒಡಲು, ರೇಷ್ಮೆ ಅಂಚು, ಜರಿಯ ಸೆರಗು. ನೌಕರಿ ಸಿಕ್ಕ ದಿನ ಉಡಬೇಕೆಂದು ಪೆಟ್ಟಿಗೆಯಲ್ಲಿಟ್ಟ. ಜರಿ ಒಂದೇ ಗೆರೆಯಲ್ಲಿ ಮಡಚಿಕೊಂಡಿದ್ದರೆ ಸೀಳುತ್ತದೆ, ಅದಕ್ಕೇ ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸುತ್ತಿದ್ದ.

ಮಾರುಕಟ್ಟೆ ಎದ್ದಾಗ ಕಂಪನಿಗಳು ಮನೆಗೆ ಕಳಿಸಿದ್ದ ಹಳಬರನ್ನೇ ಮೊದಲು ಕರೆದವು. ನಾವು ಹೊಸಬರು ಕಾಯಬೇಕಿತ್ತು. ಸುಮ್ಮನೆ ಕಾಯುವ ಹಾಗೂ ಇಲ್ಲ. ಆಗಾಗ ಹಾರಿಸುತ್ತಿರಬೇಕು, ಪರೀಕ್ಷೆಗಳನ್ನು ಮತ್ತೆ ಮತ್ತೆ ಪಾಸಾಗಬೇಕು, ವೈದ್ಯರ ಪ್ರಮಾಣಪತ್ರ ಹೊಸದಾಗಿರಬೇಕು. ಎಲ್ಲಕ್ಕೂ ದುಡ್ಡು ಸುರಿಯಬೇಕು. ಎರಡು ವರ್ಷ ಮಾಡಿದೆ. ಮೂರನೆಯ ವರ್ಷ ನನ್ನ ಕೈಲಾಗಲಿಲ್ಲ. ನಾರಾಯಣಪೇಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡಲು ಸೇರಿದೆ.

ಹೋದ ಶ್ರಾವಣದಲ್ಲಿ, ಊರಿಗೆ ಬರುವ ದಾರಿಯಲ್ಲಿ ಮಕ್ತಲ್‌ನಲ್ಲಿ ಬಸ್ಸಿಗೆ ನಿಂತಿದ್ದಾಗ, ಒಂದು ಕಂಪನಿಯಿಂದ ಫೋನು ಬಂತು. ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರಂತೆ. ಕೊನೆಯ ಸಲ ಯಾವಾಗ ಹಾರಿಸಿದಿರಿ ಎಂದು ಕೇಳಿದರು. ಹೇಳಿದೆ. ಹಾಗಾದರೆ ಆಗುವುದಿಲ್ಲ ಎಂದರು. ಬಸ್ಸಿನ ತುಂಬ ಜನರಿದ್ದರೂ ಗದ್ವಾಲದವರೆಗೆ ಅತ್ತೆ. ಯಾರ ಮೇಲೆ ಸಿಟ್ಟಾಗಬೇಕೆಂದೂ ತಿಳಿಯಲಿಲ್ಲ.

ಅಪ್ಪನಿಗೆ ಹೇಳಿದೆ. ಅವನು ಪೆಟ್ಟಿಗೆ ತೆರೆದು ಸೀರೆ ಬಿಚ್ಚಿ, ಸೆರಗನ್ನು ಬೆಳಕಿಗೆ ಹಿಡಿದ.

“ಒಂದ್ ಎಳಿ ಹೋಗಿಲ್ಲ ನೋಡು,” ಎಂದ. ಆಮೇಲೆ ದನಿ ಇಳಿಯಿತು. “ಕಲ್ತದ್ದು ಹಿಂಗ ಕೆಡ್ತೈತಂತ ನನಗ ಗೊತ್ತಿದ್ದಿಲ್ಲವ್ವಾ.”

ನನಗೆ ಗೊತ್ತಿತ್ತು. ಹೇಳಿರಲಿಲ್ಲ.

ಮರುದಿನ ಮದುವೆ ಸೀರೆ ಕೊಳ್ಳುವವರು ಬಂದರು. ಹುಡುಗಿಯ ತಾಯಿಯ ಕಣ್ಣು ನನ್ನ ಸೀರೆಯ ಮೇಲೇ ಬಿತ್ತು. ಅಪ್ಪ ನನ್ನ ಮುಖ ನೋಡಿದ.

“ಕೊಡು,” ಎಂದೆ. ನಾನೇ ಮಡಚಿ ಚೀಲಕ್ಕೆ ಹಾಕಿದೆ.