ಅಕ್ಕ ಕಲಿತು ಬಿಟ್ಟ ನಡಿಗೆ

ಮಾದನಹಿಪ್ಪರಗಾದ ನಮ್ಮ ಮನೆಯ ಮಾಳಿಗೆಯಿಂದ ಅಕ್ಕ ಬಿದ್ದಾಗ ಅವಳಿಗೆ ಮದುವೆ ಗೊತ್ತಾಗಿತ್ತು. ಒಣಹಾಕಿದ ಮೆಣಸಿನಕಾಯಿ ಕೂಡಿಸುತ್ತ ಹಿಂದಕ್ಕೆ ಸರಿದವಳು ಅಂಚು ದಾಟಿಬಿಟ್ಟಳು. ಬೆನ್ನುಮೂಳೆಗೆ ಪೆಟ್ಟಾಗಿ ಕಾಲುಗಳು ಸ್ವಾಧೀನ ತಪ್ಪಿದವು. ಬೀಗರಾಗಬೇಕಿದ್ದ ಜೇವರ್ಗಿಯವರು ಒಮ್ಮೆ ಬಂದು, ಚಹಾ ಕುಡಿದು, ಅಕ್ಕನ ಕೋಣೆಯ ಬಾಗಿಲ ತನಕವೂ ಹೋಗದೆ ಎದ್ದು ಹೋದರು. ಅವರನ್ನು ನಾವು ಯಾರೂ ಬೈಯಲಿಲ್ಲ.

ನಾನು ಅವಳ ತಂಗಿ. ಆಗಷ್ಟೇ ಅಫಜಲಪುರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ರಜೆ ಸಿಕ್ಕಾಗಲೆಲ್ಲ ಊರಿಗೆ ಬರುತ್ತಿದ್ದೆ. ಅಪ್ಪ ಇರಲಿಲ್ಲ. ಹೊಲಮನೆಯೆಲ್ಲ ಅಣ್ಣನ ಕೈಯಲ್ಲಿತ್ತು. ಅಣ್ಣ ಕೆಟ್ಟವನಲ್ಲ. ಆದರೆ ಮುಟ್ಟಿನ ಪ್ಯಾಡಿಗೂ ಬೆನ್ನಿನ ಹುಣ್ಣಿನ ಔಷಧಿಗೂ ಅಕ್ಕ ಅವನನ್ನೇ ಕೇಳಬೇಕಿತ್ತು. ಅವಳು ಅವ್ವನಿಗೆ ಹೇಳುವಳು, ಅವ್ವ ಅಣ್ಣ ಉಂಡು ಕೈ ತೊಳೆಯುವ ತನಕ ಕಾದು ಮೆಲ್ಲಗೆ ಬಾಯಿ ತೆರೆಯುವಳು. ಹಳೇ ಸೀರೆ ಹರಿದು ಕೊಟ್ಟರೆ ಸಾಕೆಂದು ಅಕ್ಕ ಎಷ್ಟೋ ಸಲ ಅವ್ವನನ್ನು ತಡೆದಿದ್ದಳಂತೆ.

ಆಮೇಲೆ ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆಯಾಗಿ ಅಂಗವಿಕಲರ ಮಾಸಾಶನ ಮಂಜೂರಾಯಿತು. ನಮ್ಮ ಕಡೆ ಅದಕ್ಕೆ ಪಗಾರ ಅಂತಲೇ ಹೆಸರು. ಅಂಗವಿಕಲತೆಯ ಪರ್ಸೆಂಟ್ ಹೆಚ್ಚು ಬಿದ್ದಿದ್ದರಿಂದ ಅಕ್ಕನಿಗೆ ಹೆಚ್ಚಿನ ಪಗಾರವೇ ಸಿಕ್ಕಿತು. ಮೊದಲ ತಿಂಗಳು ತನಗೆ ಬೇಕಾದ್ದರ ಜೊತೆಗೆ ಮನೆಗೆ ಚಹಾಪುಡಿಯನ್ನೂ ತರಿಸಿದಳು. ಅತ್ತಿಗೆ ಕಪ್ಪುಗಳನ್ನು ತಂದಿಟ್ಟಾಗ, "ಕುಡೀರಿ, ಇದು ನನ್ನ ಪಗಾರದ ಚಾ," ಎಂದಳು. ಬಿದ್ದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅದೇ ದುಡ್ಡಿನಲ್ಲಿ ಆಟೋ ಮಾಡಿಕೊಂಡು ಆಳಂದಕ್ಕೆ ವ್ಯಾಯಾಮ ಮಾಡಿಸಿಕೊಳ್ಳಲು ಹೋಗತೊಡಗಿದಳು. ಅಲ್ಲಿಯ ಫಿಜಿಯೋಥೆರಪಿ ಮೇಡಂ ಚಿಕ್ಕ ವಯಸ್ಸಿನವರು, ಬಹಳ ಹಟದವರು. ನರ ಪೂರ್ತಿ ಸತ್ತಿಲ್ಲ, ಬಿಡಬೇಡಿ ಎನ್ನುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಅಕ್ಕ ವಾಕರ್ ಹಿಡಿದು ನಿಂತಳು. ಒಂದು ಭಾನುವಾರ ನನ್ನ ಕಣ್ಣೆದುರೇ ಕೋಣೆಯಿಂದ ಅಡುಗೆಮನೆಯ ಹೊಸ್ತಿಲ ತನಕ ನಡೆದು ಬಂದಳು. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಹಾಗೇ ನಿಂತಿತು. ಅತ್ತಿಗೆ ದಾರಿಯಲ್ಲಿದ್ದ ಕೊಡ ಎತ್ತಿ ಬದಿಗಿಟ್ಟಳು.

ಅಕ್ಕನಿಗೆ ಕೊಟ್ಟಿದ್ದು ತಾತ್ಕಾಲಿಕ ಪ್ರಮಾಣಪತ್ರ. ಆರೇಳು ತಿಂಗಳಲ್ಲಿ ಅದರ ಅವಧಿ ಮುಗಿಯುವುದಿತ್ತು, ಆಗ ಮತ್ತೆ ತಪಾಸಣೆಯಾಗಬೇಕಿತ್ತು. ಆಳಂದದಲ್ಲಿ ಜೊತೆಗೆ ವ್ಯಾಯಾಮಕ್ಕೆ ಬರುತ್ತಿದ್ದ ಖಜೂರಿಯವರೊಬ್ಬರು ಅಕ್ಕನಿಗೆ ತಮ್ಮ ಕಥೆ ಹೇಳಿದರು. ಅವರು ಕೋಲೂರಿ ನಡೆಯುವುದನ್ನು ನೋಡಿ ಡಾಕ್ಟರು ಪರ್ಸೆಂಟ್ ಇಳಿಸಿದ್ದರು, ಪಗಾರ ಅರ್ಧಕ್ಕೆ ಬಂದಿತ್ತು.

ಅವ್ವನಿಗೆ ದಾರಿ ಸುಲಭವಾಗಿ ಕಂಡಿತು. ಅವತ್ತೊಂದು ದಿನ ನಡೆಯಲು ಬರುವುದಿಲ್ಲ ಎಂದರಾಯಿತು.

"ಸುಳ್ಳು ಹೇಳಾಕ ನನಗ ಬರಂಗಿಲ್ಲ ಬೇ," ಎಂದಳು ಅಕ್ಕ. "ಮುಖ ನೋಡಿದ್ರ ತಿಳೀತದ."

ಸುಳ್ಳು ಹೇಳುವ ಬದಲು ಅವಳು ವ್ಯಾಯಾಮ ಬಿಟ್ಟಳು. ಆಟೋದವನಿಗೆ ಬರಬೇಡವೆಂದಳು, ವಾಕರನ್ನು ಮಂಚದ ಕೆಳಗೆ ತಳ್ಳಿಸಿದಳು. ಮೇಡಂ ಫೋನ್ ಮಾಡಿದರೆ ಎತ್ತಲಿಲ್ಲ. ವಿಷಯ ತಿಳಿದು ನಾನು ಓಡಿ ಬಂದೆ. ಕಡಿಮೆ ಬಿದ್ದ ದುಡ್ಡನ್ನು ನನ್ನ ಸಂಬಳದಲ್ಲಿ ಕೊಡುತ್ತೇನೆ, ಬಿಡಬೇಡ ಎಂದು ಅಂಗಲಾಚಿದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ನೀ ಕೊಡ್ತಿ, ಗೊತ್ತದ. ಆದ್ರ ಅದು ನಿನ್ನ ರೊಕ್ಕ. ನಾಳೆ ನಿನಗೂ ಗಂಡ, ಮಕ್ಕಳು ಆಗ್ತಾರ. ನಾ ಮತ್ತ ಕೇಳ್ಕೋಂತ ಕುಂದ್ರಬೇಕು." ಅಡುಗೆಮನೆಯ ಕಡೆ ಕೈ ತೋರಿಸಿ ಮತ್ತೆ ಹೇಳಿದಳು: "ನಡೆದ್ರ ಅಡಗಿಮನಿ ತನಕ ಹೋಗ್ತೇನಿ. ಪಗಾರ ಇದ್ರ ಯಾರ ಮುಂದೂ ಕೈ ಚಾಚಂಗಿಲ್ಲ."

ತಪಾಸಣೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಅಂಗಾಲಿಗೆ ಕೈಯೊಡ್ಡಿ ಒತ್ತಲು ಹೇಳಿದರು. ಅಕ್ಕ ನಿಜವಾಗಿಯೂ ಒತ್ತಿದಳು, ಕತ್ತಿನ ನರ ಉಬ್ಬಿ ನಿಂತಿತು. ಕಾಲು ಅಲುಗಲಿಲ್ಲ. ಮೊದಲು ವ್ಯಾಯಾಮ ಮಾಡುತ್ತಿದ್ದಿರಾ ಎಂದು ಅವರು ಕೇಳಿದಾಗ, "ಮಾಡ್ತಿದ್ದೆ ರೀ. ಬಿಟ್ಟೆ," ಎಂದಳು. ಯಾಕೆಂದು ಅವರು ಕೇಳಲಿಲ್ಲ. ಹೊರಗೆ ಸರದಿ ಉದ್ದವಿತ್ತು. ಈ ಸಲ ಕಾಯಂ ಪ್ರಮಾಣಪತ್ರ ಬಂತು, ಪಗಾರವೂ ಉಳಿಯಿತು.

ಇನ್ನು ಹೆದರಿಕೆಯಿಲ್ಲವೆಂದು ಅಕ್ಕ ಮತ್ತೆ ಆಳಂದಕ್ಕೆ ಹೋದಳು. ಆದರೆ ಅಷ್ಟು ತಿಂಗಳು ಆಡಿಸದೆ ಬಿಟ್ಟಿದ್ದರಿಂದ ಮೊಣಕಾಲುಗಳು ಮಡಚಿದಲ್ಲೇ ಬಿಗಿದುಹೋಗಿದ್ದವು. ಮೇಡಂ ಬೈಯಲಿಲ್ಲ. ಮಡಚಿದ ಕಾಲನ್ನು ಬಹಳ ಹೊತ್ತು ನೀವಿದರು, ಎಳೆದು ನೋಡಿದರು, ಕೊನೆಗೆ ಮುಖ ಆಚೆ ತಿರುಗಿಸಿದರು.

ಕಳೆದ ವರ್ಷ ತೊಗರಿ ಕೊಯ್ಲಿನ ಹೊತ್ತಿಗೆ, ಎಲ್ಲರೂ ಹೊಲದಲ್ಲಿದ್ದಾಗ, ಅವ್ವ ಬಚ್ಚಲಲ್ಲಿ ಬಿದ್ದಳು. ಅಕ್ಕ ಕೂಗಿದಳು, ಯಾರಿಗೂ ಕೇಳಲಿಲ್ಲ. ಮಂಚದಿಂದ ಕೆಳಗುರುಳಿ, ಕೈಯೂರಿ ಅಂಗಳದುದ್ದ ತೆವಳಿ ಹೋದಳು. ಅತ್ತಿಗೆ ಬರುವಷ್ಟರಲ್ಲಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳಂತೆ. ಅವ್ವ ಮತ್ತೆ ಮಾತಾಡಲಿಲ್ಲ. ಒಂದು ವಾರವೂ ಉಳಿಯಲಿಲ್ಲ.

ನಾನು ಬಂದಾಗ ಅಕ್ಕನ ಅಂಗೈಗಳ ಚರ್ಮ ಸುಲಿದಿತ್ತು. ತೊಳೆದು ಎಣ್ಣೆ ಹಚ್ಚಿದೆ. ನಡಿಗೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಣ್ಣು ಕೊಡುವ ದಿನ ಅವ್ವನಿಗೆ ಉಡಿಸುವ ಸೀರೆಯನ್ನು ಅಕ್ಕ ತನ್ನ ಪಗಾರದಲ್ಲಿ ತರಿಸಿದಳು. ಅಣ್ಣ ಬೇಡವೆನ್ನಲಿಲ್ಲ.