ಅಮ್ಮ ಮೋಟಾರಾದ ದಿನ

ನಾಳೆ ಮೊಮ್ಮಗಳ ನಾಮಕರಣ, ಕುಲಾವಿ ಇನ್ನೂ ಮುಗಿದಿಲ್ಲ. ಅಮ್ಮನ ಹಳೆಯ ಕಾಲುಮಿಷನ್ನಿನ ಮುಂದೆ ಕುಳಿತೆ ನೋಡಿ, ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಭ್ರಮೆಯೇ ಇರಬೇಕು. ಎಂಬತ್ತರ ದಶಕದ ವಾಸನೆ ಇನ್ನೂ ಉಳಿದೀತೇ?

ಆಗ ನಾನು ತುಮಕೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ಸೀಮೆಎಣ್ಣೆಯಲ್ಲಿ ಕರಗಿಸಿದ ಆಸಿಡ್ಡನ್ನು ನೀರಿಗೆ ದಾಟಿಸುವುದು ನನ್ನ ಪ್ರಾಜೆಕ್ಟು. ಎಣ್ಣೆ, ನೀರು ಎರಡೂ ಮುಖ ತಿರುಗಿಸಿಕೊಂಡು ಕೂರುವ ಜಾತಿ. ಹದವಾಗಿ ಅಲುಗಾಡಿಸಿದರೆ ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಆಸಿಡ್ಡು ಬೇಗ ನೀರಿಗೆ ದಾಟುತ್ತದೆ. ಅಲುಗಾಡಿಸಬೇಕಾದ ಮೋಟಾರು ಪರೀಕ್ಷೆಯ ವಾರವೇ ಸುಟ್ಟುಹೋಗಬೇಕೆ! ದಿಕ್ಕು ತೋಚದೆ ಗುಬ್ಬಿಗೆ ಓಡಿ, ಅಮ್ಮನ ಹೊಲಿಗೆ ಮಿಷನ್ನನ್ನೇ ಬಸ್ಸಿನ ಟಾಪಿಗೆ ಹೇರಿಸಿಕೊಂಡು ಬಂದೆ.

"ನಿಮ್ಮಕ್ಕನ ಮದ್ವೆ ರವಿಕೆ ಹೊಲೀಬೇಕು ಕಣೇ. ಶುಕ್ರವಾರ ನಾನೇ ಬಂದು ತಗೊಂಡೋಗ್ತೀನಿ" ಎಂದಿದ್ದಳು ಅಮ್ಮ.

ಶುಕ್ರವಾರವೇ ಪರೀಕ್ಷೆ. ಮಿಷನ್ನಿನ ಚಕ್ರಕ್ಕೆ ಕಂಬಿ ಕಟ್ಟಿದ್ದೆ. ಪೆಡಲು ತುಳಿದರೆ ಎಣ್ಣೆ, ನೀರು ತುಂಬಿದ ಗಾಜಿನ ಕೊಳವೆಯೊಳಗೆ ತೂತಿನ ಬಿಲ್ಲೆಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಪರೀಕ್ಷಕರು ನಗುವನ್ನು ಮನೆಯಲ್ಲೇ ಮರೆತು ಬಂದವರು. ಅವರ ಮುಖ ಕಂಡದ್ದೇ ನನ್ನ ಕಾಲು ಹಿಡಿತ ತಪ್ಪಿ ಓಡಿತು. ಎಣ್ಣೆ, ನೀರು ಕಲಸಿ ಕೊಳವೆಯ ತುಂಬಾ ಬಿಳಿ ಮಜ್ಜಿಗೆ! ಅವು ಬೇರೆಯಾಗದೆ ಅಳೆಯುವುದೇನು, ಪಾಸಾಗುವುದೇನು? ಅಳುವೇ ಬಂತು.

"ಇನ್ನೊಂದೇ ಚಾನ್ಸು" ಎಂದರು ಪರೀಕ್ಷಕರು. ಕೊಳವೆ ತೊಳೆದು, ಮಿಷನ್ನಿನ ಮೇಲೂ ಒಂದಿಷ್ಟು ಸೀಮೆಎಣ್ಣೆ ಚೆಲ್ಲಿ, ಮತ್ತೆ ತುಂಬಿಸಿದೆ.

ಮಿಷನ್ನು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅಮ್ಮ ಸೀದಾ ಒಳಗೇ ಬಂದುಬಿಟ್ಟಳು. "ಏಳೇ ಆಚೆ! ಕಾಲು ಹೆಂಗ್ ನಡುಗ್ತಾವೆ ನೋಡು. ನಾನು ತುಳೀತೀನಿ ಬುಡು, ನೀನು ಅದೇನ್ ನೋಡ್ಬೇಕೋ ನೋಡ್ಕೋ."

"ಯಾರಮ್ಮ ಇವರು?" ಎಂದರು ಪರೀಕ್ಷಕರು.

ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ. "ಮೋಟಾರು, ಸಾರ್."

ಪುಣ್ಯಾತ್ಮ ನಕ್ಕುಬಿಟ್ಟರು. ಅಮ್ಮನಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. "ಜೋರಾಗ್ ತುಳೀಲಾ ಸ್ವಾಮಿ, ಮೆತ್ತಗಾ?" ಎಂದು ಅವರನ್ನೇ ಕೇಳಿದಳು. ಅವರು ಹೇಳಿದಂತೆಲ್ಲ ತುಳಿದಳು. ತುಸು ಜೋರಾದಾಗ ನೀರಿಗಿಳಿದ ಆಸಿಡ್ಡು ಹೆಚ್ಚಿತು, ನಿಂತಾಗ ಎಣ್ಣೆ ತಣ್ಣಗೆ ಮೇಲೆ ತೇಲಿತು. ಪಾಸಾದೆ! ಅಕ್ಕ ಮಾತ್ರ ಸೀಮೆಎಣ್ಣೆ ಘಮಘಮಿಸುವ ರವಿಕೆಯಲ್ಲೇ ಧಾರೆಗೆ ಕೂತಳು. ಭಾವ ಇವತ್ತಿಗೂ ಅಕ್ಕನ ಹತ್ತಿರ ಬೆಂಕಿಕಡ್ಡಿ ಗೀರುವುದಿಲ್ಲವಂತೆ.

ಇದನ್ನೆಲ್ಲ ನೆನೆಯುತ್ತಾ, ಕುಲಾವಿ ಮುಗಿಸುವ ಆತುರದಲ್ಲಿ ಕಾಲು ಮತ್ತೆ ಓಡಿತ್ತೇನೋ. ಕೋಣೆಯಿಂದ ಅಮ್ಮನ ದನಿ ಬಂತು. ಅವಳಿಗೀಗ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು.

"ಯಾಕೇ ಹಂಗ್ ತುಳೀತೀಯ? ಮೆತ್ತಗೆ ಕಣೇ. ಆವತ್ತೇ ಪಾಸಾದೆಯಲ್ಲ."