ಅವ್ವ ತುಂಬಿದ ಮನೆಪಟ್ಟಿ

ಇಂದು ಮುಂಜಾನೆ ಕಿಟಕಿ ತೆರೆದರೆ ಬ್ಲೀಚಿಂಗ್ ಪೌಡರಿನ ಘಾಟು. ನಿಮಗೆ ಅದು ಮೂಗು ಮುಚ್ಚಿಕೊಳ್ಳುವ ವಾಸನೆಯಿರಬಹುದು; ನನ್ನನ್ನು ಅದು ತೊಂಬತ್ತರ ದಶಕದ ಗೋಪನಕೊಪ್ಪಕ್ಕೆ, ನಮ್ಮ ಓಣಿಗೆ ಕರೆದೊಯ್ಯುತ್ತದೆ.

ಅಪ್ಪ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಪಾಲಿಕೆಯವರು ಓಣಿಯ ಕೊಳೆನೀರಿಗೆ ಗಟಾರ ಕಟ್ಟಿಸುವವರೆಗೆ ಮನೆಪಟ್ಟಿ, ಅಂದರೆ ಮನೆಯ ಕರ, ತುಂಬುವುದಿಲ್ಲವೆಂದು ಹಟ ಹಿಡಿದಿದ್ದ. ಅವನನ್ನು ನೋಡಿ ಓಣಿಯ ಮುಕ್ಕಾಲು ಮನೆಗಳೂ ತುಂಬುವುದನ್ನು ಬಿಟ್ಟವು. ವಸೂಲಿಗೆ ಸೈಕಲ್ ಮೇಲೆ ಬರುತ್ತಿದ್ದ ಹಣಮಂತಪ್ಪನವರಿಗೆ ನಮ್ಮಲ್ಲಿ ಚಹಾ ಸಿಗುತ್ತಿತ್ತು, ಕರ ಸಿಗುತ್ತಿರಲಿಲ್ಲ. ಆಗಷ್ಟೇ ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದತೊಡಗಿದ್ದ ನಾನು ಚಹಾದ ಜೊತೆಗೆ ನಾಗರಿಕರ ಹಕ್ಕುಗಳ ಮೇಲೆ ಭಾಷಣವನ್ನೂ ಕೊಡುತ್ತಿದ್ದೆ. ಪಾಪ, ಬಿಸ್ಕಿಟ್ ಅದ್ದಿಕೊಳ್ಳುತ್ತ ಎರಡನ್ನೂ ಮುಗಿಸುತ್ತಿದ್ದರು.

ಒಂದು ವರ್ಷ ಅವರು ಒಬ್ಬರೇ ಬರಲಿಲ್ಲ. ಓಣಿ ಗುಡಿಸಿ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಿದ್ದ ಯಲ್ಲವ್ವ ಹಿಂದೆ ನಿಂತಿದ್ದಳು.

"ಈಕಿಗೆ ಪಗಾರ ಬಂದು ನಾಕು ತಿಂಗಳಾತ್ರಿ," ಎಂದರು ಹಣಮಂತಪ್ಪ. "ವಸೂಲಿ ಇಲ್ಲ, ರೊಕ್ಕ ಇಲ್ಲ ಅಂತಾರ. ನನ್ನ ಕೇಳಾಕ ಬಂದಿದ್ಲು. ನೀವ ಹೇಳ್ರಿ ಅಂತ ಕರಕೊಂಡು ಬಂದೆ."

"ಗಟಾರ ಕಟ್ಟಸ್ರಿ, ಮರುದಿನ ತುಂಬತೇನಿ," ಎಂದ ಅಪ್ಪ.

"ನೀವು ಪಟ್ಟಿ ತುಂಬದಿದ್ರ ಗಟಾರಕ್ಕ ರೊಕ್ಕ ಎಲ್ಲಿಂದ ಬರಬೇಕ್ರಿ?"

ನಾನು ಬಾಯಿ ತೆರೆದೆ. ಯಲ್ಲವ್ವನ ಮುಖ ನೋಡಿ, ಭಾಷಣ ಬಿಟ್ಟು ಚಹಾದ ಕಪ್ಪನ್ನು ಆಕೆಯತ್ತ ಚಾಚಿದೆ.

ಅವ್ವ ಒಳಗಿನಿಂದ ಬಂದು ಕೇಳಿದಳು: "ಪಗಾರ ಇಲ್ದಿದ್ರೂ ದಿನಾ ಯಾಕ ಬರತೀ ಯಲ್ಲವ್ವಾ?"

"ಬಿಟ್ರ ಇದ್ದ ಕೆಲಸಾನೂ ಹೋಗತೈತ್ರೀ ಅಕ್ಕಾರ."

ಎಂದೂ ಒಬ್ಬಳೇ ಬಸ್ಸು ಹತ್ತದ ಅವ್ವ ಮರುದಿನ ಪಾಲಿಕೆಯ ಆಫೀಸಿಗೆ ಹೋಗಿ, ಹೊಲಿಗೆ ಮಷಿನ್ನಿಗೆಂದು ಕೂಡಿಟ್ಟ ಹಣದಲ್ಲಿ ಮೂರು ವರ್ಷದ ಬಾಕಿ ತುಂಬಿ ಬಂದಳು. ರಸೀದಿಯನ್ನು ಅಪ್ಪನ ತಾಟಿನ ಪಕ್ಕ ಇಟ್ಟು, "ಫ್ಯಾಕ್ಟರಿಯವರು ಪಗಾರ ತಡಾ ಮಾಡಿದಾಗ ನೀವು ಗೇಟಿನ ಮುಂದ ಧರಣಿ ಕುಂತಿದ್ರಿ. ಆಕಿ ಎಲ್ಲಿ ಕುಂದರಬೇಕು?" ಎಂದಳು.

ಮೂರನೆಯ ದಿನ ಅಪ್ಪ ತಾನೇ ಮನೆಮನೆಗೆ ಹೋಗಿ ಪಟ್ಟಿ ತುಂಬಲು ಹೇಳತೊಡಗಿದ. ಕೆಲವರು ತುಂಬಿದರು, ಕೆಲವರು ನಕ್ಕರು. ಯಲ್ಲವ್ವನ ಪಗಾರ ಕಂತುಕಂತಾಗಿ ಬಂತು. ಗಟಾರ ಬರಲು ಮತ್ತೆ ಆರು ವರ್ಷ ಹಿಡಿಯಿತು. ಹೊಲಿಗೆ ಮಷಿನ್ ಮಾತ್ರ ಬರಲೇ ಇಲ್ಲ.

ಈಗ ನಾನು ಪಟ್ಟಿಯನ್ನು ಮೊಬೈಲಿನಲ್ಲೇ ತುಂಬುತ್ತೇನೆ. ಒಂದು ವರ್ಷವೂ ತಪ್ಪಿಸಿಲ್ಲವೆಂಬ ಸಣ್ಣ ಹೆಮ್ಮೆಯೂ ಇತ್ತು. ಇಂದು ಕಿಟಕಿಯಲ್ಲಿ ನಿಂತಾಗ ಹೊಳೆಯಿತು, ಕೆಳಗೆ ಪೌಡರ್ ಚೆಲ್ಲುತ್ತಿರುವ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲ. ಚಪ್ಪಲಿ ಮೆಟ್ಟಿಕೊಂಡು ಇಳಿದೆ.

"ನಿನ್ನ ಹೆಸರೇನವಾ? ಪಗಾರ ಬರೊಬ್ಬರಿ ಬರಾಕತ್ತೈತೇನು?"

ಆಕೆ ಬುಟ್ಟಿ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಾಕ್ರಿ? ಇಲ್ಲೀತನಾ ಯಾರೂ ಕೇಳಿದ್ದಿಲ್ಲ."